ಏಪ್ರಿಲ್-ಮೇ ತಿಂಗಳ ಸ್ಕೀಯಿಂಗ್: ಪಶ್ಚಿಮ ಕೆನಡಾದ ಯಾವ ಬೆಟ್ಟ ಯಾರಿಗೆ?

ಮಾರ್ಚ್ ಕಳೆಯುತ್ತಿದ್ದಂತೆ ಕ್ಯಾಲ್ಗರಿ, ಎಡ್ಮಂಟನ್, ವ್ಯಾಂಕೂವರ್‌ಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಏಳುತ್ತದೆ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಅಕ್ಕ-ಭಾವ, ಅವರ ಮಕ್ಕಳು ಊರಿನಿಂದ ಬರುವುದೂ ಆಗಲೇ. ಆ ಹೊತ್ತಿಗೆ ಪಟ್ಟಣದ ಹಿಮ ಕರಗಿ ಹುಲ್ಲು ಚಿಗುರುತ್ತಿರುತ್ತದೆ. ಬೆಟ್ಟದ ಮೇಲೆ ಇನ್ನೂ ಸ್ಕೀ ಮಾಡಬಹುದೇ, ಮಾಡಬಹುದಾದರೆ ವಿಸ್ಲರ್ ಒಳ್ಳೆಯದೋ ಬ್ಯಾನ್ಫ್ ಒಳ್ಳೆಯದೋ, ಮಕ್ಕಳನ್ನು ಕರೆದೊಯ್ಯುವುದು ಸುರಕ್ಷಿತವೇ ಎಂಬ ಗೊಂದಲ ಅಲ್ಲಿಂದ ಶುರುವಾಗುತ್ತದೆ.

ಮಾಡಬಹುದು ಎಂಬುದು ನಿಸ್ಸಂದೇಹ. ಕೆಲವು ಕಡೆ ಮೇ ಕೊನೆಯ ವಾರದ ಹತ್ತಿರದವರೆಗೂ ಲಿಫ್ಟುಗಳು ಓಡುತ್ತವೆ. ಆದರೆ ಜನವರಿಯಲ್ಲಿ ರೆಸಾರ್ಟ್ ಆರಿಸುವಾಗ ಬಳಸುವ ಅಳತೆಗೋಲುಗಳು ಏಪ್ರಿಲ್‌ನಲ್ಲಿ ದಾರಿ ತಪ್ಪಿಸುತ್ತವೆ. ಒಟ್ಟು ಎಷ್ಟು ಮೀಟರ್ ಹಿಮ ಬಿತ್ತು, ಎಷ್ಟು ಹೆಕ್ಟೇರ್ ವಿಸ್ತಾರವಿದೆ, ಹೆಸರು ಎಷ್ಟು ದೊಡ್ಡದು ಎಂಬುದನ್ನೆಲ್ಲ ಬದಿಗಿಟ್ಟು, ತಪ್ಪಲು ಎಷ್ಟು ಎತ್ತರದಲ್ಲಿದೆ ಮತ್ತು ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬ ಎರಡು ಸಂಗತಿಗಳನ್ನು ಮೊದಲು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಅಳತೆಗೋಲುಗಳು

ಬೆಟ್ಟದ ನೆತ್ತಿಯ ಎತ್ತರವನ್ನು ಎಲ್ಲ ರೆಸಾರ್ಟುಗಳೂ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುತ್ತವೆ. ವಸಂತದಲ್ಲಿ ಮುಖ್ಯವಾಗುವುದು ಕೆಳಗಿನ ಎತ್ತರ. ತಪ್ಪಲು 600 ಮೀಟರ್‌ನಲ್ಲಿದ್ದರೆ ಏಪ್ರಿಲ್ ನಡುವಿಗೆ ಬೆಟ್ಟದ ಕೆಳಗಿನ ಅರ್ಧ ಮಣ್ಣು, ಕಲ್ಲು, ಕೆಸರುನೀರಾಗಿ ಉಳಿಯುತ್ತದೆ; ಮೇಲೆ ಸ್ಕೀ ಮಾಡಿ ಸಂಜೆ ಗೊಂಡೋಲಾದಲ್ಲಿ (ಹಗ್ಗದ ಮೇಲೆ ಸಾಗುವ ಮುಚ್ಚಿದ ತೊಟ್ಟಿಲಲ್ಲಿ) ಕುಳಿತೇ ಇಳಿಯಬೇಕಾಗುತ್ತದೆ. ತಪ್ಪಲು 1,600 ಮೀಟರ್ ದಾಟಿದ್ದರೆ ಹಿಮ ಇನ್ನೂ ಹಲವು ವಾರ ನಿಲ್ಲುತ್ತದೆ.

ಇಳಿಜಾರಿನ ದಿಕ್ಕು ಏಕೆ ಮುಖ್ಯವೆಂದರೆ, ವಸಂತದ ಹಿಮ ಹಗಲು ಕರಗಿ ಇರುಳು ಹೆಪ್ಪುಗಟ್ಟುವ ಚಕ್ರದಲ್ಲಿ ಸಿಕ್ಕಿಕೊಂಡಿರುತ್ತದೆ. ಈ ಚಕ್ರ ಹಲವು ದಿನ ಪುನರಾವರ್ತನೆಯಾದಾಗ ಹಿಮದ ಹರಳುಗಳು ದುಂಡಗಾಗಿ, ಉಪ್ಪಿಟ್ಟಿನ ದಪ್ಪ ರವೆಯಂತೆ ಬಿಡಿಬಿಡಿಯಾಗುತ್ತವೆ. ಇಲ್ಲಿನವರು ಇದನ್ನು ಕಾರ್ನ್ ಸ್ನೋ ಎನ್ನುತ್ತಾರೆ. ಇದರ ಮೇಲೆ ಸ್ಕೀ ಮಾಡುವುದು ಎಷ್ಟು ಹಿತವೆಂದರೆ ಕೆಲವರು ಚಳಿಗಾಲದ ಪುಡಿಹಿಮಕ್ಕಿಂತ ಇದನ್ನೇ ಮೆಚ್ಚುತ್ತಾರೆ. ಆದರೆ ಆ ಸುಖದ ಅವಧಿ ಪ್ರತಿ ಇಳಿಜಾರಿನಲ್ಲೂ ಒಂದೆರಡು ಗಂಟೆಯಷ್ಟೇ. ಬೆಳಿಗ್ಗೆ ಒಂಬತ್ತಕ್ಕೆ ಹಿಮ ಸಮತಟ್ಟು ಮಾಡುವ ಯಂತ್ರ ಎಳೆದ ಗೆರೆಗಳು ಕಲ್ಲಾಗಿರುತ್ತವೆ, ಸ್ಕೀಯ ಅಂಚು ಕರಕರ ಸದ್ದು ಮಾಡುತ್ತ ಜಾರುತ್ತದೆ, ಹೊಸಬರಿಗೆ ನಿಲ್ಲುವುದೇ ಕಷ್ಟ. ಹತ್ತೂವರೆಯ ಹೊತ್ತಿಗೆ ಪೂರ್ವಾಭಿಮುಖ ಇಳಿಜಾರಿನ ಮೇಲಿನ ಎರಡು ಮೂರು ಸೆಂಟಿಮೀಟರ್ ಸಡಿಲವಾಗಿ ತಿರುವುಗಳು ತಾವಾಗಿ ಬರತೊಡಗುತ್ತವೆ. ಮಧ್ಯಾಹ್ನದ ಮೇಲೆ ಅದೇ ಜಾಗದಲ್ಲಿ ಬೂಟು ಹಿಮ್ಮಡಿಗಂಟಿನವರೆಗೆ ಹೂಳುತ್ತದೆ, ಒಂದು ಹಿಡಿ ಹಿಮ ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ. ಹೀಗಾಗಿ ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ಎಂದು ಹಲವು ಮುಖಗಳಿರುವ ಬೆಟ್ಟದಲ್ಲಿ ಸೂರ್ಯನ ಹಿಂದೆಯೇ ಸಾಗುತ್ತ ಇಡೀ ದಿನ ಒಳ್ಳೆಯ ಹಿಮ ಹುಡುಕಬಹುದು. ಒಂದೇ ಮುಖದ ಬೆಟ್ಟದಲ್ಲಿ ದಿನ ಬೇಗ ಮುಗಿಯುತ್ತದೆ.

ಹವಾಮಾನ ನೋಡುವಾಗ ಹಗಲಿನ ಉಷ್ಣಾಂಶಕ್ಕಿಂತ ಹಿಂದಿನ ರಾತ್ರಿಯ ಆಕಾಶ ಹೆಚ್ಚು ಹೇಳುತ್ತದೆ. ರಾತ್ರಿ ಆಕಾಶ ಶುಭ್ರವಾಗಿದ್ದರೆ ಹಿಮದ ಮೇಲ್ಮೈ ತನ್ನ ಶಾಖವನ್ನು ಬಿಟ್ಟುಕೊಟ್ಟು, ಗಾಳಿ ಸೊನ್ನೆಗಿಂತ ತುಸು ಬೆಚ್ಚಗಿದ್ದರೂ ಗಟ್ಟಿಯಾಗುತ್ತದೆ. ಮೋಡ ಕವಿದ ಬೆಚ್ಚನೆಯ ರಾತ್ರಿಯಲ್ಲಿ ಹೆಪ್ಪುಗಟ್ಟುವುದೇ ಇಲ್ಲ. ಮರುದಿನ ಬೆಳಗಿನಿಂದಲೇ ಹಿಮ ಅಂಟಂಟು, ಅಪಾಯವೂ ಹೆಚ್ಚು.

ಮೂರನೆಯ ಅಳತೆ, ಮುಚ್ಚುವ ದಿನ. ಪಶ್ಚಿಮ ಕೆನಡಾದ ಬಹುಪಾಲು ರೆಸಾರ್ಟುಗಳು ಏಪ್ರಿಲ್ ನಡುವಿಗೆ ಬಾಗಿಲು ಹಾಕುತ್ತವೆ, ಎಷ್ಟೋ ಸಲ ಬೆಟ್ಟದಲ್ಲಿ ಹಿಮ ಇನ್ನೂ ಬೇಕಾದಷ್ಟಿರುವಾಗಲೇ. ಅಷ್ಟು ಹೊತ್ತಿಗೆ ಜನರ ಮನಸ್ಸು ಸೈಕಲ್ಲು, ದೋಣಿಗಳ ಕಡೆ ತಿರುಗಿರುತ್ತದೆ, ಲಿಫ್ಟು ಓಡಿಸಿದರೆ ಗಿಟ್ಟುವುದಿಲ್ಲ. ನಾಲ್ಕನೆಯದು ಸುರಕ್ಷತೆ, ಐದನೆಯದು ಖರ್ಚು. ಸುರಕ್ಷತೆಯ ವಿಚಾರ ತುಸು ವಿವರವಾಗಿಯೇ ಹೇಳಬೇಕಾದ್ದು.

ವಸಂತದ ಅಪಾಯಗಳು

ರೆಸಾರ್ಟಿನ ಗಡಿಯೊಳಗೆ, ತೆರೆದಿರುವ ಹಾದಿಗಳಲ್ಲಿ, ಹಿಮಕುಸಿತದ ಹೊಣೆ ಸ್ಕೀ ಗಸ್ತಿನವರದು. ಅವರು ಸ್ಫೋಟಕಗಳಿಂದ ಅಸ್ಥಿರ ಹಿಮವನ್ನು ಮೊದಲೇ ಕೆಡವುತ್ತಾರೆ, ಬಿಸಿಲೇರಿದಾಗ ಕೆಲವು ಇಳಿಜಾರುಗಳಿಗೆ ಹಗ್ಗ ಕಟ್ಟುತ್ತಾರೆ. ಬೆಳಿಗ್ಗೆ ತೆರೆದಿದ್ದ ಹಾದಿ ಮಧ್ಯಾಹ್ನ ಮುಚ್ಚಿದ್ದರೆ ಅದು ಈ ಕಾರಣಕ್ಕೇ ಇರಬಹುದು. ಗಡಿಯ ಆಚೆ ಈ ವ್ಯವಸ್ಥೆ ಯಾವುದೂ ಇಲ್ಲ.

ಪರ್ವತಶ್ರೇಣಿಗಳ ನಡುವೆಯೂ ಇಲ್ಲಿ ವ್ಯತ್ಯಾಸವಿದೆ. ಕರಾವಳಿಯ ಬೆಟ್ಟಗಳಲ್ಲಿ ಹಿಮ ಆಳವಾಗಿ, ತೇವವಾಗಿ ಬಿದ್ದು ಬೇಗ ಒಗ್ಗೂಡುತ್ತದೆ. ಆಲ್ಬರ್ಟಾದ ರಾಕಿ ಪರ್ವತಗಳಲ್ಲಿ ಹಿಮದ ಹೊದಿಕೆ ತೆಳು, ಚಳಿ ತೀವ್ರ. ಆದ್ದರಿಂದ ತಳದಲ್ಲಿ ಸಕ್ಕರೆಯಂಥ ಸಡಿಲ ಹರಳುಗಳ ದುರ್ಬಲ ಪದರ ನವೆಂಬರ್‌ನಲ್ಲಿ ಹುಟ್ಟಿ ವಸಂತದವರೆಗೂ ಉಳಿಯಬಲ್ಲದು. ಕರಗಿದ ನೀರು ಅಲ್ಲಿಗೆ ಇಳಿದಾಗ ನೆಲದವರೆಗಿನ ಹಿಮವೆಲ್ಲ ಒಟ್ಟಿಗೆ ಜಾರುವ ಭಾರೀ ಕುಸಿತಗಳಾಗುತ್ತವೆ. ಏಣುಗಳ ಅಂಚಿನಾಚೆ ಗಾಳಿ ಕಟ್ಟಿದ ಹಿಮದ ಚಾಚುಗಳು, ಅಂದರೆ ಕಾರ್ನಿಸ್‌ಗಳು, ಮುರಿದು ಬೀಳುವುದೂ ಇದೇ ಕಾಲದಲ್ಲಿ. ಮೇಲೆ ನಿಂತು ಫೋಟೊ ತೆಗೆಯುವವರು ತಾವು ನಿಂತಿರುವುದು ಕಲ್ಲಿನ ಮೇಲಲ್ಲ, ಗಾಳಿಯ ಮೇಲೆ ಎಂಬುದನ್ನು ಬಹಳ ಸಲ ಗಮನಿಸುವುದಿಲ್ಲ.

ರೆವೆಲ್‌ಸ್ಟೋಕ್‌ನಲ್ಲಿ ಕೇಂದ್ರ ಕಚೇರಿಯಿರುವ ಅವಲಾಂಚ್ ಕೆನಡಾ ಸಂಸ್ಥೆ ಚಳಿಗಾಲವಿಡೀ ಪ್ರತಿದಿನ ಮುನ್ಸೂಚನೆ ಪ್ರಕಟಿಸುತ್ತದೆ. ಬ್ಯಾನ್ಫ್, ಜಾಸ್ಪರ್‌ನಂಥ ರಾಷ್ಟ್ರೀಯ ಉದ್ಯಾನಗಳಿಗೆ ಈ ಕೆಲಸ ಪಾರ್ಕ್ಸ್ ಕೆನಡಾದ್ದು. ಅಪಾಯವನ್ನು 1ರಿಂದ 5ರವರೆಗೆ ಅಳೆಯುತ್ತಾರೆ. ವಸಂತ ಮುಂದುವರಿದಂತೆ ಈ ದೈನಿಕ ಮುನ್ಸೂಚನೆಗಳು ನಿಂತು ಸಾಮಾನ್ಯ ಸೂಚನೆಗಳಷ್ಟೇ ಉಳಿಯುತ್ತವೆ ಎಂಬುದನ್ನು ಮರೆಯಬಾರದು. ಹಿಮದಡಿ ಪೂರ್ತಿ ಹೂತವರನ್ನು ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಅನಂತರ ಅದು ಬಲು ಬೇಗ ಕುಸಿಯುತ್ತದೆ. ಹಾಗಾಗಿ ಜೊತೆಗಾರ, ಟ್ರಾನ್ಸೀವರ್ (ಹೂತವರನ್ನು ಹುಡುಕಲು ನೆರವಾಗುವ ರೇಡಿಯೊ ಸಾಧನ), ಹಿಮದೊಳಕ್ಕೆ ಚುಚ್ಚಿ ನೋಡುವ ಪ್ರೋಬ್ ಕೋಲು, ಸಲಿಕೆ ಹಾಗೂ ಅವನ್ನು ಬಳಸುವ ತರಬೇತಿ ಇಲ್ಲದವರು ಗಡಿ ದಾಟುವ ಮಾತೇ ಆಡಬಾರದು. ಯಾರದೋ ಸ್ಕೀ ಗುರುತು ಹಗ್ಗದಾಚೆ ಕಾಣುತ್ತದೆ ಎಂಬುದು ಸುರಕ್ಷತೆಯ ಪುರಾವೆಯಾಗುವುದಿಲ್ಲ.

ಸಾಮಾನ್ಯ ಕುಟುಂಬಕ್ಕೆ ಎದುರಾಗುವ ಅಪಾಯಗಳು ಇದಕ್ಕಿಂತ ಸಣ್ಣವು, ಆದರೆ ಹೆಚ್ಚು ಸಲ ಎದುರಾಗುವಂಥವು. ನೆರಳಿನ ಗಟ್ಟಿ ಹಿಮದಿಂದ ಬಿಸಿಲಿನ ಅಂಟು ಹಿಮಕ್ಕೆ ವೇಗವಾಗಿ ಬಂದಾಗ ಸ್ಕೀ ಥಟ್ಟನೆ ತಡೆಯುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಮಂಡಿ ತಿರುಚುತ್ತದೆ. ದಣಿದ ಕಾಲುಗಳಿಗೆ ಮಧ್ಯಾಹ್ನ ಮೂರರ ಭಾರದ ಹಿಮ ಎಲ್ಲಕ್ಕಿಂತ ಕೆಟ್ಟದ್ದು. "ಇನ್ನೊಂದು ರೌಂಡ್" ಎಂಬ ಆಸೆಯನ್ನು ಅಲ್ಲಿಗೇ ಬಿಡುವುದು ಜಾಣತನ. ಹಿಮ ತೆಳುವಾದಲ್ಲಿ ತೊರೆಗಳು ಬಾಯಿ ತೆರೆಯುತ್ತವೆ, ಮರದ ಬೊಡ್ಡೆಗಳು ಮೇಲೇಳುತ್ತವೆ. ಹೊಸಬರು ಯಂತ್ರದಿಂದ ಸಮತಟ್ಟು ಮಾಡಿದ (ಗ್ರೂಮ್ ಮಾಡಿದ) ಹಾದಿ ಬಿಟ್ಟು ಕದಲಬಾರದು. ಬಿಸಿಲನ್ನೂ ಹಗುರವಾಗಿ ಕಾಣಬೇಡಿ. ಪ್ರತಿ 1,000 ಮೀಟರ್ ಎತ್ತರಕ್ಕೆ ನೇರಳಾತೀತ ಕಿರಣಗಳು ಸುಮಾರು ಶೇ. 10ರಷ್ಟು ಹೆಚ್ಚುತ್ತವೆ, ಹೊಸ ಹಿಮ ಅವುಗಳಲ್ಲಿ ಶೇ. 80ರವರೆಗೆ ಪ್ರತಿಫಲಿಸುತ್ತದೆ. ನಮ್ಮ ಮೈಬಣ್ಣಕ್ಕೆ ಸನ್‌ಸ್ಕ್ರೀನ್ ಬೇಡ ಎಂಬ ವಾದ ಇಲ್ಲಿ ನಡೆಯುವುದಿಲ್ಲ, ಕಣ್ಣಿಗಂತೂ ಗಾಗಲ್ಸ್ ಕಡ್ಡಾಯ.

ಸನ್‌ಶೈನ್ ವಿಲೇಜ್: ಮೇ ತಿಂಗಳ ಭರವಸೆ

ಬ್ಯಾನ್ಫ್ ಪಟ್ಟಣದಿಂದ ಕಾಲು ಗಂಟೆಯ ದೂರದಲ್ಲಿ ಕಾರು ನಿಲ್ಲಿಸಿ ಗೊಂಡೋಲಾ ಏರಿದರೆ ಸುಮಾರು 2,160 ಮೀಟರ್ ಎತ್ತರದ ವಿಲೇಜ್ ಸಿಗುತ್ತದೆ. ಸ್ಕೀಯಿಂಗ್ ಬಹುಪಾಲು ಅಲ್ಲಿಂದ ಮೇಲಕ್ಕೆ, 2,730 ಮೀಟರ್‌ವರೆಗೆ. ಅಂದರೆ ವಿಸ್ಲರ್‌ನಲ್ಲಿ ಲಿಫ್ಟು ಮುಗಿಯುವ ಎತ್ತರಕ್ಕೆ ಇಲ್ಲಿ ಹೆಚ್ಚುಕಡಿಮೆ ತಪ್ಪಲು ಶುರುವಾಗುತ್ತದೆ. ಈ ಒಂದು ಕಾರಣದಿಂದಲೇ ನವೆಂಬರ್‌ನಲ್ಲಿ ತೆರೆಯುವ ಈ ಬೆಟ್ಟ ಸಾಮಾನ್ಯವಾಗಿ ವಿಕ್ಟೋರಿಯಾ ಡೇ ವಾರಾಂತ್ಯದವರೆಗೆ, ಎಂದರೆ ಮೇ ಮೂರನೆಯ ಅಥವಾ ನಾಲ್ಕನೆಯ ವಾರದವರೆಗೆ, ನಡೆಯುತ್ತದೆ. ಕೊನೆಯ ದಿನ ಸ್ಲಶ್ ಕಪ್ ಎಂಬ ಸ್ಪರ್ಧೆ: ಚಿತ್ರವಿಚಿತ್ರ ವೇಷ ತೊಟ್ಟವರು ಇಳಿಜಾರಿನಿಂದ ರಭಸವಾಗಿ ಬಂದು ಹಿಮನೀರಿನ ಹೊಂಡ ದಾಟಲು ನೋಡುತ್ತಾರೆ, ಹೆಚ್ಚಿನವರು ಮುಳುಗುತ್ತಾರೆ. ಸ್ಕೀ ಬಾರದ ಅತ್ತೆ-ಮಾವಂದಿರಿಗೂ ಇದು ಒಳ್ಳೆಯ ಮನರಂಜನೆ.

ಬೆಟ್ಟ ಖಂಡದ ಜಲವಿಭಾಜಕದ ಮೇಲೆಯೇ ಇದೆ. ಗ್ರೇಟ್ ಡಿವೈಡ್ ಲಿಫ್ಟು ಆಲ್ಬರ್ಟಾದಿಂದ ಬ್ರಿಟಿಷ್ ಕೊಲಂಬಿಯಾದೊಳಕ್ಕೆ ಒಯ್ಯುತ್ತದೆ. ಹೊಸಬರಿಗೆ ವಿಲೇಜ್ ಪಕ್ಕದಲ್ಲೇ ಸೌಮ್ಯ ಇಳಿಜಾರುಗಳಿವೆ, ಅವು ಎತ್ತರದಲ್ಲಿರುವುದರಿಂದ ಮೇ ತಿಂಗಳಲ್ಲೂ ಕಲಿಯಲು ಸಾಕಷ್ಟು ಹಿಮವಿರುತ್ತದೆ. ಕಲಿಯುವವರ ಇಳಿಜಾರು ಸಾಮಾನ್ಯವಾಗಿ ತಪ್ಪಲಿನಲ್ಲೇ ಇದ್ದು ಮೊದಲು ಕರಗುತ್ತದೆಯಾದ್ದರಿಂದ ಈ ಅನುಕೂಲ ದೊಡ್ಡದು.

ಕೊರತೆಗಳೂ ಇವೆ. ಬಹುಭಾಗ ಮರಗಳ ಗಡಿಗಿಂತ ಮೇಲಿದೆ. ಮೋಡ ಇಳಿದು ಹಿಮ ಬೀಳತೊಡಗಿದರೆ ನೆಲವೂ ಆಕಾಶವೂ ಒಂದೇ ಬಿಳಿಯಾಗಿ ಮುಂದಿನ ಉಬ್ಬುತಗ್ಗು ಕಾಣುವುದಿಲ್ಲ, ಮೇ ತಿಂಗಳಲ್ಲೂ ಇದು ಆಗುತ್ತದೆ. ವಿಲೇಜ್‌ನಿಂದ ಕಾರಿನ ತನಕ ಸ್ಕೀಯಲ್ಲೇ ಇಳಿಯುವ ಹಾದಿ ಋತುವಿನ ಕೊನೆಗೆ ಹಿಮವಿಲ್ಲದೆ ಮುಚ್ಚುತ್ತದೆ. ಆಗ ಎಲ್ಲರೂ ಗೊಂಡೋಲಾಕ್ಕೆ ಸಾಲು ನಿಲ್ಲಬೇಕು. ಡೆಲಿರಿಯಮ್ ಡೈವ್ ಎಂಬ ಕಡಿದಾದ ಭಾಗ ರೆಸಾರ್ಟಿನೊಳಗೇ ಇದ್ದರೂ ಟ್ರಾನ್ಸೀವರ್, ಪ್ರೋಬ್, ಸಲಿಕೆ, ಜೊತೆಗಾರ ಇಲ್ಲದೆ ಒಳಗೆ ಬಿಡುವುದಿಲ್ಲ. ವಿಲೇಜ್‌ನಲ್ಲಿರುವ ಹೋಟೆಲು ದುಬಾರಿ. ಬ್ಯಾನ್ಫ್ ಅಥವಾ ಕ್ಯಾನ್ಮೋರ್‌ನಲ್ಲಿ ಉಳಿದುಕೊಳ್ಳುವುದು ಅಗ್ಗ, ಅದರಲ್ಲೂ ಈಸ್ಟರ್ ಮುಗಿದು ಬೇಸಿಗೆಯ ಪ್ರವಾಸಿಗರು ಬರುವ ಮೊದಲಿನ ವಾರಗಳಲ್ಲಿ.

ಲೇಕ್ ಲೂಯಿಸ್: ಎರಡು ಮುಖಗಳ ಬೆಟ್ಟ

ಸುಮಾರು 1,645 ಮೀಟರ್‌ನಲ್ಲಿ ತಪ್ಪಲು, 2,637ರಲ್ಲಿ ನೆತ್ತಿ, ಸುಮಾರು 1,700 ಹೆಕ್ಟೇರ್ ವಿಸ್ತಾರ, ಮುಚ್ಚುವುದು ಸಾಮಾನ್ಯವಾಗಿ ಮೇ ಮೊದಲ ವಾರದ ಸುಮಾರಿಗೆ. ಈ ಬೆಟ್ಟದ ಮುಂಭಾಗ ಬಿಸಿಲಿಗೆ ಎದುರಾಗಿದೆ, ಹಿಂಭಾಗದ ಬೋಗುಣಿಗಳು, ಅಂದರೆ ಬಟ್ಟಲಿನಂಥ ತಗ್ಗುಗಳು, ನೆರಳಿನಲ್ಲಿವೆ. ಏಪ್ರಿಲ್ ಮಧ್ಯಾಹ್ನ ಮುಂದೆ ಕಾಲು ಹೂಳುವ ಗಂಜಿಹಿಮವಿರುವಾಗ ಹಿಂದೆ ಇನ್ನೂ ಒಣ ಚಳಿಗಾಲದ ಹಿಮ ಸಿಗಬಹುದು. ಮಧ್ಯಮ ಹಾಗೂ ಪಳಗಿದ ಸ್ಕೀಗಾರರಿಗೆ ಏಪ್ರಿಲ್ ತಿಂಗಳಲ್ಲಿ ಸನ್‌ಶೈನ್‌ಗಿಂತ ಇದೇ ಮೇಲೆಂದು ನಾನು ಹೇಳುತ್ತೇನೆ: ಹಾದಿಗಳ ವೈವಿಧ್ಯ ಹೆಚ್ಚು, ಗಾಳಿ-ಮೋಡಗಳ ದಿನ ಮರಗಳ ನಡುವಿನ ರನ್‌ಗಳಿಗೆ ಬಂದು ದಾರಿ ಕಾಣಿಸಿಕೊಳ್ಳಬಹುದು. ಆದರೆ ಆ ನೆರಳಿನ ಬೋಗುಣಿಗಳು ಹೆಚ್ಚಾಗಿ ಕಡಿದಾದವು. ತೀರಾ ಹೊಸಬರ ಇಳಿಜಾರು ಬಿಸಿಲಿನ ತಪ್ಪಲಿನಲ್ಲಿದ್ದು ಏಪ್ರಿಲ್ ಕೊನೆಗೆ ಕೆಡುತ್ತದೆ. ಹೀಗಾಗಿ ಮೊದಲ ಸಲ ಸ್ಕೀ ಕಟ್ಟುವವರಿಗೆ ಬೆಳಗಿನ ಪಾಠವಷ್ಟೇ ಸರಿ.

ವಿಸ್ಲರ್ ಬ್ಲ್ಯಾಕ್‌ಕೂಂಬ್: ದೊಡ್ಡದು, ಆದರೆ ತಗ್ಗಿನಲ್ಲಿ

ವ್ಯಾಂಕೂವರ್‌ನಿಂದ ಸುಮಾರು 120 ಕಿ.ಮೀ. ದೂರದ ವಿಸ್ಲರ್ ಉತ್ತರ ಅಮೆರಿಕದ ಅತಿ ದೊಡ್ಡ ಸ್ಕೀ ರೆಸಾರ್ಟುಗಳಲ್ಲೊಂದು, 3,300 ಹೆಕ್ಟೇರ್‌ನಷ್ಟು ಹರಡಿದೆ. ವಿಸ್ಲರ್ ಮತ್ತು ಬ್ಲ್ಯಾಕ್‌ಕೂಂಬ್ ಎಂಬ ಎರಡು ಬೆಟ್ಟಗಳನ್ನು 2008ರಲ್ಲಿ ಶುರುವಾದ 4.4 ಕಿ.ಮೀ. ಉದ್ದದ ಪೀಕ್ ಟು ಪೀಕ್ ಗೊಂಡೋಲಾ ಜೋಡಿಸುತ್ತದೆ. ಆದರೆ ವಿಸ್ಲರ್ ಹಳ್ಳಿ ಇರುವುದು 675 ಮೀಟರ್‌ನಲ್ಲಿ, ಸಾಗರದ ಬೆಚ್ಚನೆಯ ಗಾಳಿಗೆ ಹತ್ತಿರ. ವಸಂತದ ಬಿರುಗಾಳಿ ಬಂದಾಗ ನಡುಬೆಟ್ಟದಲ್ಲೂ ಮಳೆ ಸುರಿಯಬಹುದು. ಹಳ್ಳಿಯಲ್ಲಿ ಕೊಡೆ, 2,000 ಮೀಟರ್ ಮೇಲೆ ಭಾರದ ಒದ್ದೆ ಹಿಮ. ಏಪ್ರಿಲ್ ಕೊನೆಯಿಂದ ಸ್ಕೀಯಿಂಗ್ ಏನಿದ್ದರೂ ಸುಮಾರು 1,850 ಮೀಟರ್‌ನ ಮಧ್ಯ ನಿಲ್ದಾಣಗಳ ಸುತ್ತಮುತ್ತ ಮತ್ತು ಮೇಲಕ್ಕೆ. ಎರಡೂ ಬೆಟ್ಟ ಕೊನೆಯವರೆಗೆ ತೆರೆದಿರುವುದಿಲ್ಲ. ಒಂದು ಮೊದಲು ಮುಚ್ಚಿ, ಇನ್ನೊಂದು ಮೇ ತಿಂಗಳಲ್ಲಿ ಮುಂದುವರಿಯುವುದು ವಾಡಿಕೆ. ಜಾಹೀರಾತಿನ ವಿಸ್ತಾರದ ಸಣ್ಣ ಪಾಲಿಗೆ ಮೇ ತಿಂಗಳಲ್ಲಿ ದುಡ್ಡು ಕೊಡುತ್ತಿದ್ದೀರಿ ಎಂಬ ಲೆಕ್ಕ ತಲೆಯಲ್ಲಿರಲಿ. ಬ್ಲ್ಯಾಕ್‌ಕೂಂಬ್‌ನ ಹಾರ್ಸ್ಟ್‌ಮನ್ ಹಿಮನದಿಯ ಮೇಲೆ ಹಿಂದೆ ಬೇಸಿಗೆಯಲ್ಲೂ ಸ್ಕೀ ನಡೆಯುತ್ತಿತ್ತು. ಹಿಮನದಿ ಕುಗ್ಗುತ್ತ ಹೋಗಿ 2020ರಲ್ಲಿ ಅಲ್ಲಿನ ಟಿ-ಬಾರ್ ಲಿಫ್ಟನ್ನೇ (ಸ್ಕೀಗಾರರನ್ನು ಹಿಮದ ಮೇಲೆಯೇ ಎಳೆದೊಯ್ಯುವಂಥದ್ದು) ತೆಗೆದುಹಾಕಿದರು. ಹಳೆಯ ಲೇಖನಗಳನ್ನು ಓದಿ ಜೂನ್-ಜುಲೈಗೆ ಯೋಜನೆ ಹಾಕಬೇಡಿ.

ಇಷ್ಟಾದರೂ ವಿಸ್ಲರ್‌ಗೆ ಅದರದೇ ಗುಣವಿದೆ. ಕರಾವಳಿಯ ಹಿಮ ಆಳವಾದ್ದರಿಂದ ಮೇಲ್ಭಾಗದಲ್ಲಿ ಕಲ್ಲುಗಳು ತಡವಾಗಿ ಏಳುತ್ತವೆ. ಬ್ಲ್ಯಾಕ್‌ಕೂಂಬ್‌ನ ಸೆವೆಂತ್ ಹೆವನ್‌ನಂಥ ಬಿಸಿಲಿನ ಇಳಿಜಾರು ಶುಭ್ರ ರಾತ್ರಿಯ ಮರುದಿನ ಅತ್ಯುತ್ತಮ ಕಾರ್ನ್ ಹಿಮ ಕೊಡುತ್ತದೆ. ಗುಂಪಿನಲ್ಲಿ ಅರ್ಧ ಜನ ಸ್ಕೀ ಮಾಡದವರಾದರೆ ಹಳ್ಳಿಯಲ್ಲಿ ಅಡ್ಡಾಡಲು, ಸಸ್ಯಾಹಾರ ಹುಡುಕಲು ಇದಕ್ಕಿಂತ ಸುಲಭದ ಜಾಗ ಬೇರೆ ಇಲ್ಲ. ವ್ಯಾಂಕೂವರ್‌ನಿಂದ ಬಸ್ಸುಗಳಿರುವುದರಿಂದ ಕಾರು ಬೇಕೆಂದೂ ಇಲ್ಲ. ಅದೇ ದಿನ ಕೌಂಟರಿನಲ್ಲಿ ಕೊಳ್ಳುವ ಟಿಕೆಟ್ಟು ಮಾತ್ರ ಎಲ್ಲ ಕಡೆಗಿಂತ ಇಲ್ಲಿ ಹೆಚ್ಚು ನೋಯಿಸುತ್ತದೆ, ಮುಂಗಡವಾಗಿ ಆನ್‌ಲೈನ್‌ನಲ್ಲಿ ಕೊಳ್ಳಿ.

ಉಳಿದವು

ಜಾಸ್ಪರ್ ಬಳಿಯ ಮಾರ್ಮಟ್ ಬೇಸಿನ್ ಸದ್ದಿಲ್ಲದ ಒಳ್ಳೆಯ ಆಯ್ಕೆ. ತಪ್ಪಲೇ ಸುಮಾರು 1,700 ಮೀಟರ್, ಜನಸಂದಣಿ ಕಡಿಮೆ, ಮೇ ಆರಂಭದ ತನಕ ತೆರೆದಿರುವುದುಂಟು. ಎಡ್ಮಂಟನ್‌ನವರಿಗೆ ಸಹಜ ಆಯ್ಕೆ, ಉಳಿದವರಿಗೆ ದೂರ. 2024ರ ಜುಲೈ ಕಾಳ್ಗಿಚ್ಚಿನಲ್ಲಿ ಜಾಸ್ಪರ್ ಪಟ್ಟಣದ ಸುಮಾರು ಮೂರನೇ ಒಂದು ಭಾಗ ಸುಟ್ಟುಹೋಯಿತು, ಹಾಗಾಗಿ ಉಳಿಯುವ ಕೋಣೆ ಸಿಕ್ಕಿದ ಮೇಲೆಯೇ ಹೊರಡಬೇಕು.

ರೆವೆಲ್‌ಸ್ಟೋಕ್‌ನ ಹೆಗ್ಗಳಿಕೆ ನೆತ್ತಿಯಿಂದ ತಪ್ಪಲಿನವರೆಗಿನ 1,713 ಮೀಟರ್ ಇಳಿತ, ಉತ್ತರ ಅಮೆರಿಕದಲ್ಲೇ ಅತಿ ಹೆಚ್ಚು. ತಪ್ಪಲು ಮಾತ್ರ 512 ಮೀಟರ್‌ನಲ್ಲಿದೆ. ಏಪ್ರಿಲ್‌ನಲ್ಲಿ ಆ ಇಳಿತದ ಮೇಲಿನ ಭಾಗವಷ್ಟೇ ದಕ್ಕುತ್ತದೆ, ಏಪ್ರಿಲ್ ನಡುವಿನ ಹೊತ್ತಿಗೆ ಮುಚ್ಚಿಯೂಬಿಡುತ್ತದೆ. ಪಳಗಿದವರು ಫೆಬ್ರುವರಿಯಲ್ಲಿ ಹೋಗಬೇಕಾದ ಜಾಗ ಅದು. ಗೋಲ್ಡನ್‌ನ ಕಿಕಿಂಗ್ ಹಾರ್ಸ್‌ಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ಕೆಲೋನಾದ ಬಳಿಯ ಬಿಗ್ ವೈಟ್, ಕ್ಯಾಮ್ಲೂಪ್ಸ್ ಬಳಿಯ ಸನ್ ಪೀಕ್ಸ್ ಮಕ್ಕಳಿಗೆ, ಕಲಿಯುವವರಿಗೆ ಸೊಗಸಾಗಿವೆ, ಆದರೆ ಅವೂ ಏಪ್ರಿಲ್ ನಡುವಿಗೆ ಮುಗಿಯುತ್ತವೆ. ಯುಗಾದಿ, ಈಸ್ಟರ್ ಸುಮಾರಿಗೆ ಬಂದವರಿಗಷ್ಟೇ ಸಲ್ಲುತ್ತವೆ.

ಹಾಗಾದರೆ ಯಾರು ಎಲ್ಲಿಗೆ?

ಮೇ ತಿಂಗಳಲ್ಲಿ ಊರಿನಿಂದ ಬಂದವರಿಗೆ ಮೊದಲ ಸಲ ಸ್ಕೀ ಕಟ್ಟಿಸುವುದಾದರೆ ನನ್ನ ಉತ್ತರ ಸನ್‌ಶೈನ್, ವ್ಯಾಂಕೂವರ್‌ಗೇ ಬಂದಿಳಿಯುವವರನ್ನು ಬಿಟ್ಟು. ಅವರಿಗೆ ಇನ್ನೊಂದು ವಿಮಾನದ ಖರ್ಚು ಉಳಿಯುವುದು ವಿಸ್ಲರ್‌ನಲ್ಲೇ, ಮಳೆಯ ದಿನ ಬಂದರೆ ಸಹಿಸಿಕೊಳ್ಳುವ ಮನಸ್ಸಿರಬೇಕು. ಮೂರು ನಾಲ್ಕು ದಿನ ಇದ್ದು ದಿನ ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದರೆ ವಿಸ್ಲರ್ ಸೋಲುವುದಿಲ್ಲ. ಒಂದೇ ದಿನವಿದ್ದರೆ ಎತ್ತರದ ರಾಕಿ ಬೆಟ್ಟಗಳ ಮೇಲೆ ಪಣ ಕಟ್ಟುವುದು ಲೇಸು. ಕ್ಯಾಲ್ಗರಿಯಲ್ಲೇ ಇರುವ, ನೀಲಿ (ಮಧ್ಯಮ ಕಷ್ಟದ) ಹಾದಿಗಳನ್ನು ಸಲೀಸಾಗಿ ಇಳಿಯುವವರು ಏಪ್ರಿಲ್‌ನಲ್ಲಿ ಲೇಕ್ ಲೂಯಿಸ್‌ಗೆ, ಮೇ ತಿಂಗಳಲ್ಲಿ ಸನ್‌ಶೈನ್‌ಗೆ ಹೋಗಲಿ, ಆದಷ್ಟು ವಾರದ ನಡುವೆ. ಬಜೆಟ್ ಬಿಗಿಯಾಗಿದ್ದರೆ ಅರ್ಧ ದಿನದ ಟಿಕೆಟ್ಟು ಕೊಂಡು ಮಧ್ಯಾಹ್ನ ಹೋಗುವ ಉಪಾಯವನ್ನು ವಸಂತದಲ್ಲಿ ಕೈಬಿಡಿ: ಅಗ್ಗದ ಅರ್ಧದಲ್ಲೇ ಹಿಮ ಕೆಟ್ಟಿರುತ್ತದೆ.

ಆಲ್ಬರ್ಟಾದಲ್ಲಿ ಬಾಡಿಗೆ ಕಾರು ಪಡೆದು ಬ್ರಿಟಿಷ್ ಕೊಲಂಬಿಯಾಕ್ಕೆ ದಾಟುವವರು ಟೈರುಗಳನ್ನು ನೋಡಿಕೊಳ್ಳಬೇಕು. ಅಲ್ಲಿನ ಹಲವು ಬೆಟ್ಟದ ಹೆದ್ದಾರಿಗಳಲ್ಲಿ ಏಪ್ರಿಲ್ 30ರವರೆಗೆ ಚಳಿಗಾಲದ ಟೈರು ಕಡ್ಡಾಯ. ಬ್ಯಾನ್ಫ್, ಜಾಸ್ಪರ್‌ಗಳಲ್ಲಿ ಲಿಫ್ಟ್ ಟಿಕೆಟ್ಟಿನ ಜೊತೆ ರಾಷ್ಟ್ರೀಯ ಉದ್ಯಾನದ ಪಾಸನ್ನೂ ಲೆಕ್ಕಕ್ಕೆ ಹಿಡಿಯಿರಿ. ಊರಿನಿಂದ ಬಂದವರಿಗೆ ಇಲ್ಲಿನ ಪ್ರಾಂತೀಯ ಆರೋಗ್ಯ ವಿಮೆ ದೊರೆಯುವುದಿಲ್ಲ, ಮುರಿದ ಕಾಲಿನ ಆಸ್ಪತ್ರೆ ಬಿಲ್ಲು ಇಡೀ ಪ್ರವಾಸದ ಖರ್ಚನ್ನು ಮೀರಿಸಬಹುದು. ಭಾರತದಲ್ಲಿ ಕೊಂಡ ಪ್ರಯಾಣ ವಿಮೆಯ ಪತ್ರದಲ್ಲಿ ಸ್ಕೀಯಿಂಗ್ ಸೇರಿದೆಯೇ, ಸೇರಿದ್ದರೂ ಗುರುತಿಸಿದ ಹಾದಿಗಳಿಗಷ್ಟೇ ಸೀಮಿತವೇ ಎಂಬುದನ್ನು ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲೇ ಓದಿಸಿಬಿಡಿ. ಹೆಚ್ಚುವರಿ ರಕ್ಷಣೆ ಬೇಕಾದರೆ ಸೇರಿಸಿಕೊಳ್ಳುವುದು ಆಗ ಸುಲಭ, ಇಲ್ಲಿಗೆ ಬಂದಿಳಿದ ಮೇಲೆ ಕಷ್ಟ.